ದೊಡ್ಡ ಸಂಖ್ಯೆ ಕಂಡರೆ ಒಳ್ಳೆಯದೆಂದುಕೊಳ್ಳಬೇಡಿ

ಗಣಕದಲ್ಲಿ ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆ ಅಳವಡಿಸಿಕೊಳ್ಳಲು ಹೊರಟವರಿಗೆ ಹಲವು ಸಲ ಎರಡು ಆವೃತ್ತಿಗಳು ಎದುರಾಗುತ್ತವೆ. ಒಂದರ ಸಂಖ್ಯೆ ಚಿಕ್ಕದು, ಪಕ್ಕದಲ್ಲಿ ‘ಎಲ್‌ಟಿಎಸ್’ ಎಂಬ ಗುರುತು. ಇನ್ನೊಂದರ ಸಂಖ್ಯೆ ದೊಡ್ಡದು. ಯಾವುದನ್ನು ಆರಿಸುವುದು?

ಉಬುಂಟುವಿನಲ್ಲಿ ಈ ಸಂಖ್ಯೆ ಬರೀ ತಾರೀಖು. 24.04 ಎಂದರೆ 2024ರ ಏಪ್ರಿಲ್. ಮೊದಲ ಆವೃತ್ತಿ 4.10 ಬಂದದ್ದು 2004ರ ಅಕ್ಟೋಬರ್‌ನಲ್ಲಿ. 2006ರ ಏಪ್ರಿಲ್‌ಗೆ ಬರಬೇಕಿದ್ದದ್ದು ಜೂನ್‌ಗೆ ತಡವಾದಾಗ ಅದರ ಸಂಖ್ಯೆಯೂ 6.06 ಆಯಿತು. ಆರು ತಿಂಗಳಿಗೊಮ್ಮೆ ಬರುವ ಸಾಮಾನ್ಯ ಆವೃತ್ತಿಗೆ ಒಂಬತ್ತು ತಿಂಗಳಷ್ಟೇ ಆರೈಕೆ. ಎರಡು ವರ್ಷಕ್ಕೊಮ್ಮೆ ಬರುವ, ದೀರ್ಘಾವಧಿ ಆರೈಕೆಯ (ಲಾಂಗ್ ಟರ್ಮ್ ಸಪೋರ್ಟ್) ಎಲ್‌ಟಿಎಸ್‌ಗೆ ಐದು ವರ್ಷ ಭದ್ರತಾ ತಿದ್ದುಪಡಿಗಳು ಸಿಗುತ್ತವೆ.

ಉಬುಂಟುವಿನ ಮೂಲವಾದ ಡೆಬಿಯನ್ 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಯೋಜನೆ. ಅಲ್ಲಿ ಹೊಸ ತಂತ್ರಾಂಶ ಮೊದಲು ಸೇರುವುದು ‘ಅನ್‌ಸ್ಟೇಬಲ್’ ಶಾಖೆಗೆ. ಅದರ ಕಾಯಂ ಹೆಸರು ಸಿಡ್. ‘ಟಾಯ್ ಸ್ಟೋರಿ’ ಚಿತ್ರದಲ್ಲಿ ಆಟಿಕೆ ಮುರಿಯುವ ಹುಡುಗನ ಹೆಸರು! ಕೆಲವು ದಿನ ದೊಡ್ಡ ದೋಷ ಕಾಣದಿದ್ದರೆ ತಂತ್ರಾಂಶ ‘ಟೆಸ್ಟಿಂಗ್’ಗೆ ಹೋಗುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಟೆಸ್ಟಿಂಗ್‌ಗೆ ಹೊಸದನ್ನು ಸೇರಿಸುವುದು ನಿಲ್ಲಿಸಿ, ಉಳಿದ ದೋಷಗಳನ್ನು ತಿದ್ದಿ, ಅದನ್ನೇ ‘ಸ್ಟೇಬಲ್’ ಎಂದು ಬಿಡುಗಡೆ ಮಾಡುತ್ತಾರೆ.

ಈ ನಿಧಾನದ ಬೆಲೆ ತಿಳಿದದ್ದು 2024ರ ಮಾರ್ಚ್‌ನಲ್ಲಿ. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇರಿಸಿದ್ದರು. ದೂರದ ಗಣಕಕ್ಕೆ ಲಾಗಿನ್ ಆಗುವುದು ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಕೆದಕಿದ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅದನ್ನು ಪತ್ತೆ ಮಾಡಿದರು. ಅಷ್ಟರಲ್ಲಿ ಆ ಕಳ್ಳಬಾಗಿಲು ಡೆಬಿಯನ್ನಿನ ಅನ್‌ಸ್ಟೇಬಲ್, ಟೆಸ್ಟಿಂಗ್ ಎರಡನ್ನೂ ಹೊಕ್ಕಿತ್ತು. ಹಳೆಯ ಎಕ್ಸ್‌ಝಡ್ ಇಟ್ಟುಕೊಂಡಿದ್ದ ಸ್ಟೇಬಲ್ ಪಾರಾಯಿತು.

ಹಾಗಂತ ಸ್ಟೇಬಲ್ ಎಂದರೆ ತೂತುಬಿದ್ದ ಹಳೆಯ ಸರಕಲ್ಲ. ಅದರ ತಂತ್ರಾಂಶದ ಸಂಖ್ಯೆ ಹಳೆಯದಾಗಿಯೇ ಉಳಿದರೂ, ಹೊಸ ಆವೃತ್ತಿಯಲ್ಲಿ ಆದ ಭದ್ರತಾ ತಿದ್ದುಪಡಿಯನ್ನಷ್ಟೇ ತಂದು ಹಳೆಯದಕ್ಕೆ ಸೇರಿಸುತ್ತಾರೆ. ಹೊಸ ಸೌಲಭ್ಯ ಬರುವುದಿಲ್ಲ, ಅದರ ಜೊತೆಗೆ ಬರುವ ಹೊಸ ದೋಷವೂ ಬರುವುದಿಲ್ಲ. ತೊಂದರೆ ಒಂದೇ: ತೀರಾ ಹೊಸ ಲ್ಯಾಪ್‌ಟಾಪ್‌ನ ವೈಫೈ ಅಥವಾ ಗ್ರಾಫಿಕ್ಸ್ ಚಿಪ್ಪನ್ನು ವ್ಯವಸ್ಥೆಯ ತಿರುಳಾದ ಹಳೆಯ ಕರ್ನಲ್ ಗುರುತಿಸದೇ ಇರಬಹುದು.

ಆದ್ದರಿಂದ ದಿನನಿತ್ಯದ ಕೆಲಸಕ್ಕೆ, ಶಾಲೆ–ಕಚೇರಿಗಳಿಗೆ ಎಲ್‌ಟಿಎಸ್ ಅಥವಾ ಸ್ಟೇಬಲ್ ಸಾಕು. ಹೊಸತನ್ನು ಪರೀಕ್ಷಿಸುವ ಉತ್ಸಾಹವಿದ್ದರೆ ಉಳಿದವು ಇದ್ದೇ ಇವೆ. ಯಾವುದನ್ನೇ ಹಾಕಿಕೊಳ್ಳಿ, ಅದರ ಆರೈಕೆ ಮುಗಿಯುವ ತಾರೀಖನ್ನು ಮೊದಲು ನೋಡಿಕೊಳ್ಳಿ.