ಬಣ್ಣವಿಲ್ಲದ ಅರಮನೆಗೆ ನ್ಯೂಯಾರ್ಕಿನಿಂದ ಬಂದ ಸೊಸೆ

ದಕ್ಷಿಣ ಕೊರಿಯಾದ ಸೋಲ್ ನಗರದ ಚಾಂಗ್‌ದೊಕ್‌ಗುಂಗ್ ಅರಮನೆಯಲ್ಲಿ ಪ್ರವಾಸಿಗರು ಮುಗಿಬೀಳುವುದು ಸಿಂಹಾಸನದ ಸಭಾಂಗಣಕ್ಕೆ, ಹಿಂದಿನ ಉದ್ಯಾನಕ್ಕೆ. ಆಗ್ನೇಯ ಮೂಲೆಯ ನಕ್‌ಸೊನ್‌ಜೆ ಎಂಬ ಮನೆಯ ಕಡೆಗೆ ತಿರುಗುವವರು ಕಡಿಮೆ. ಆದರೆ ಕೊರಿಯಾವನ್ನು ಆಳಿದ ಯಿ ರಾಜಮನೆತನದ ಕೊನೆಯ ಅಧ್ಯಾಯ ನಡೆದದ್ದು ಅಲ್ಲಿ. ಅದರ ಎರಡು ಎಳೆಗಳು ನ್ಯೂಯಾರ್ಕ್, ನ್ಯೂಜೆರ್ಸಿಯವು.

1847ರಲ್ಲಿ ರಾಜ ಹೊನ್‌ಜೊಂಗ್ ಕಟ್ಟಿಸಿದ ಮನೆಯಿದು. ಅರಮನೆಯ ಬೇರೆ ಸೂರುಗಳಡಿ ಕೆಂಪು, ಹಸಿರು ಚಿತ್ತಾರವಿದ್ದರೆ ಇಲ್ಲಿನ ಕಂಬ, ತೊಲೆಗಳಿಗೆ ಬಣ್ಣ ಸೋಕಿಲ್ಲ. ಎತ್ತರದ ಜಗಲಿಯ ಕೆಳಗೆ, ನೆಲ ಬಿಸಿಮಾಡುವ ಒಲೆಯ ಕಡೆಯ ಗೋಡೆಯಲ್ಲಿ, ಒಡೆದ ಮಂಜುಗಡ್ಡೆಯ ಬಿರುಕುಗಳ ವಿನ್ಯಾಸವಿದೆ. ಬೆಂಕಿ ಹಬ್ಬದಿರಲಿ ಎಂಬ ಆಶಯ ಅದರದ್ದು.

ಈ ಮನೆತನದ ಯುವರಾಜ ಯಿ ಉನ್‌ನನ್ನು 1907ರಲ್ಲಿ, ಬಾಲಕನಾಗಿದ್ದಾಗಲೇ, ಜಪಾನಿಗೆ ಕರೆದೊಯ್ಯಲಾಯಿತು. 1910ರಲ್ಲಿ ಜಪಾನ್ ಕೊರಿಯಾವನ್ನೇ ನುಂಗಿತು. ಅದೇ ವರ್ಷ ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿ ಸಿಂಗ್‌ಮನ್ ರೀ ಎಂಬ ಕೊರಿಯನ್ ಯುವಕನಿಗೆ ಡಾಕ್ಟರೇಟ್ ಸಿಕ್ಕಿತು. ದೂರದ ನಂಟಿನಲ್ಲಿ ಆತನೂ ಯಿ ವಂಶದವನೇ. ಆದರೆ ಸುಧಾರಣೆ ಬೇಕೆಂದು ದನಿಯೆತ್ತಿ ಅರಸೊತ್ತಿಗೆಯ ಸೆರೆಮನೆ ಕಂಡಿದ್ದವನು. 1948ರಲ್ಲಿ ದಕ್ಷಿಣ ಕೊರಿಯಾದ ಮೊದಲ ಅಧ್ಯಕ್ಷನಾದ ಮೇಲೆ ಯುವರಾಜನ ಮರಳುವಿಕೆಗೆ ಅಡ್ಡಗಾಲು ಹಾಕಿದ. ನಮ್ಮಲ್ಲಿ ಅದೇ ಹೊತ್ತಿಗೆ ಜಯಚಾಮರಾಜ ಒಡೆಯರ್ ಮೈಸೂರಿನ ರಾಜಪ್ರಮುಖರಾಗಿ, ಮುಂದೆ ರಾಜ್ಯಪಾಲರಾಗಿ ಹೊಸ ವ್ಯವಸ್ಥೆಯೊಳಗೇ ನೆಲೆ ಕಂಡುಕೊಂಡರು. ಯಿ ಉನ್‌ಗೆ ತವರಿನ ಬಾಗಿಲು ತೆರೆದದ್ದು ರೀ ಅಧಿಕಾರ ಕಳೆದುಕೊಂಡ ಬಳಿಕ, 1963ರಲ್ಲಿ.

ಆ ವೇಳೆಗೆ ಅವನ ಮಗ ಯಿ ಗು ಅಮೆರಿಕದಲ್ಲಿ ಎಂಐಟಿಯಲ್ಲಿ ಓದಿ, ನ್ಯೂಯಾರ್ಕಿನಲ್ಲಿ ಐ. ಎಂ. ಪೇ ಅವರ ಸಂಸ್ಥೆಯಲ್ಲಿ ವಾಸ್ತುಶಿಲ್ಪಿಯಾಗಿದ್ದ. ಪ್ಯಾರಿಸ್ಸಿನ ಲೂವ್ರ್ ಮುಂದೆ ಗಾಜಿನ ಪಿರಮಿಡ್ ಕಟ್ಟಿದ ಪೇ ಅವರೇ. ಪೆನ್ಸಿಲ್ವೇನಿಯಾ ಮೂಲದ ಜೂಲಿಯಾ ಮಲಕ್ ಅವರನ್ನು ಯಿ ಗು ನ್ಯೂಯಾರ್ಕಿನಲ್ಲೇ ಮದುವೆಯಾದ. ಬಳಿಕ ಗಂಡ ಹೆಂಡತಿ ಕೊರಿಯಾಕ್ಕೆ ಬಂದು ನಕ್‌ಸೊನ್‌ಜೆಯಲ್ಲಿ ನೆಲೆಸಿದರು. ವಂಶಕ್ಕೆ ಮಗುವಿಲ್ಲವೆಂದು ಮನೆತನದ ಹಿರಿಯರು ಹೇರಿದ ಒತ್ತಡ ಕೊನೆಗೆ ದಾಂಪತ್ಯವನ್ನೇ ಮುರಿಯಿತು, 1982ರಲ್ಲಿ ವಿಚ್ಛೇದನವಾಯಿತು. 2005ರಲ್ಲಿ ಯಿ ಗು ಟೋಕಿಯೊದ ಹೋಟೆಲೊಂದರಲ್ಲಿ ತೀರಿಕೊಂಡ. ಒಂದು ಕಾಲಕ್ಕೆ ಅವನ ಹೆತ್ತವರ ಮನೆಯಿದ್ದ ಜಾಗವದು.

ಚಾಂಗ್‌ದೊಕ್‌ಗುಂಗ್ 1997ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಉದ್ಯಾನಕ್ಕೆ ಪ್ರತ್ಯೇಕ ಟಿಕೆಟ್ ಬೇಕು, ನಕ್‌ಸೊನ್‌ಜೆಗೆ ಬೇಡ. ಸಿಂಹಾಸನ ನೋಡಿದವರಿಗೆ ಅರಸರ ವೈಭವ ತಿಳಿದೀತು. ರಾಜ್ಯ ಹೋದ ಮೇಲೂ ವಂಶದ ಹಟ ಹೇಗೆ ಉಳಿಯುತ್ತದೆ ಎಂಬುದು ಈ ಬರಿಮರದ ಮನೆಯ ಕಥೆ ಬಲ್ಲವರಿಗಷ್ಟೇ ತಿಳಿದೀತು.