ಯಂತ್ರ ಬದಲಾದಾಗ

ಹಿಂದಿನ ಕಾಲದಲ್ಲಿ ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸಮನಾಗಿರುತ್ತಿರಲಿಲ್ಲ. ಒಂದೂರಿನಲ್ಲಿ ಕಾಳು ಕೊಂಡು ಮತ್ತೊಂದೂರಿನಲ್ಲಿ ಮಾರುವ ವ್ಯಾಪಾರಿಯು ಮೊದಲು ಅಲ್ಲಿಯ ಅಳತೆಯನ್ನು ವಿಚಾರಿಸಬೇಕಾಗಿತ್ತು. ವಿಚಾರಿಸದೆ ಅಳೆದವನ ಲೆಕ್ಕ ಎಷ್ಟೇ ಶುದ್ಧವಾಗಿದ್ದರೂ ಅವನಿಗೆ ನಷ್ಟವೇ. ಲೆಕ್ಕದಲ್ಲಿ ದೋಷವಿರಲಿಲ್ಲ, ಅಳತೆಯೇ ಬೇರೆಯಾಗಿತ್ತು. ಒಂದು ಗಣಕಯಂತ್ರಕ್ಕಾಗಿ ಬರೆದ ಪ್ರೋಗ್ರಾಂ ಇನ್ನೊಂದು ಬಗೆಯ ಗಣಕಕ್ಕೆ ಹೋದಾಗಲೂ ಇಂತಹುದೇ ತೊಡಕು ಎದುರಾಗುತ್ತದೆ.

ಗಣಕಕ್ಕೆ ನಾವು ಕೊಡುವ ಆದೇಶಗಳ ಸರಣಿಯೇ ಪ್ರೋಗ್ರಾಂ. ಗೆರೆ ಎಳೆಯುವುದು, ಬಣ್ಣ ತುಂಬುವುದು ಮುಂತಾದ ಪದೇ ಪದೇ ಬೇಕಾಗುವ ಆದೇಶಗಳನ್ನು ಒಮ್ಮೆ ಬರೆದು ಕೂಡಿಟ್ಟ ಭಂಡಾರಕ್ಕೆ ಗ್ರಾಫಿಕ್ಸ್ ಲೈಬ್ರರಿ ಎಂದು ಹೆಸರು. ಮನುಷ್ಯರು ಓದಬಲ್ಲ ಭಾಷೆಯಲ್ಲಿರುವ ಈ ಬರಹವನ್ನು ಕಂಪೈಲರ್ ಯಂತ್ರದ ಭಾಷೆಗೆ ತಿರುಗಿಸುತ್ತದೆ. ಬಿಡಿ ಭಾಗಗಳನ್ನು ಲಿಂಕರ್ ಒಂದಾಗಿ ಹೊಂದಿಸುತ್ತದೆ. ಈ ಇಡೀ ಕೆಲಸವನ್ನು 'ಬಿಲ್ಡ್' ಎನ್ನುತ್ತಾರೆ.

ಅಮೆರಿಕದ ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯು 1992ರಲ್ಲಿ 'ಓಪನ್ ಜಿಎಲ್' ಎಂಬ ಚಿತ್ರರಚನೆಯ ನಿಯಮಾವಳಿಯನ್ನು ಹೊರತಂದಿತು. ಆ ಸಂಸ್ಥೆಯ ಗಣಕಗಳು ಬಹಳ ದುಬಾರಿಯಾದವು. ಬ್ರಯನ್ ಪಾಲ್ ಎಂಬ ಪ್ರೋಗ್ರಾಂಕಾರರು ಅದೇ ನಿಯಮಗಳಂತೆ ಬೇರೆ ಗಣಕಗಳಲ್ಲಿಯೂ ಚಿತ್ರ ಬರೆಯಬಲ್ಲ ಲೈಬ್ರರಿಯೊಂದನ್ನು 1993ರಲ್ಲಿ ಬಿಡುವಿನ ವೇಳೆಯಲ್ಲಿ ಬರೆಯತೊಡಗಿದರು. 1995ರಲ್ಲಿ ಅದನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಅದರ ಹೆಸರು 'ಮೆಸಾ'. ಹಣವಂತರ ಯಂತ್ರದಲ್ಲಿದ್ದ ವಿದ್ಯೆ ಸಾಮಾನ್ಯರ ಯಂತ್ರಕ್ಕೂ ದಕ್ಕಬೇಕಾದರೆ ಇಂತಹ ಶ್ರಮ ಬೇಕು.

ಈ ಶ್ರಮದಲ್ಲಿ ಎದುರಾಗುವ ಮೊದಲ ತೊಡಕು ಹೆಸರುಗಳದು. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರವಿದ್ದರೂ ಸಣ್ಣಕ್ಷರವಿದ್ದರೂ ವಿಂಡೋಸ್ ವ್ಯವಸ್ಥೆ ಸಾಮಾನ್ಯವಾಗಿ ಒಂದೇ ಎಂದು ಎಣಿಸುತ್ತದೆ. ಲಿನಕ್ಸ್ ಅವೆರಡನ್ನೂ ಬೇರೆ ಬೇರೆ ಕಡತಗಳೆಂದು ತಿಳಿಯುತ್ತದೆ. ಅಲ್ಲಿ ಸಿಕ್ಕುತ್ತಿದ್ದ ಕಡತ ಇಲ್ಲಿ ಸಿಕ್ಕುವುದಿಲ್ಲ. ಒಂದು ಕಡತ ಸಿಗದಿದ್ದರೆ ಅದನ್ನು ನೆಚ್ಚಿಕೊಂಡ ಸಾಲುಗಳೆಲ್ಲ ತಪ್ಪೆಂದು ಕಂಪೈಲರ್ ದೂರುತ್ತದೆ. ಪರದೆಯ ಮೇಲೆ ನೂರಾರು ದೋಷಗಳು ಕಂಡಾಗ ಅನನುಭವಿಯು ಕೊನೆಯದನ್ನು ನೋಡಿ ಕಂಗೆಡುತ್ತಾನೆ. ಅನುಭವಿಯಾದರೋ ಮೇಲೆ ಹೋಗಿ ಮೊದಲನೆಯದನ್ನು ಓದುತ್ತಾನೆ. ಅದೊಂದು ಸರಿಹೋದರೆ ಉಳಿದವುಗಳಲ್ಲಿ ಬಹುಪಾಲು ತಾವಾಗಿಯೇ ಮಾಯವಾಗುತ್ತವೆ.

ಎರಡನೆಯದು ಅಳತೆಯ ತೊಡಕು. ಸಿ ಭಾಷೆಯಲ್ಲಿ 'ಲಾಂಗ್' ಎಂಬ ಬಗೆಯ ಸಂಖ್ಯೆಯು 64 ಬಿಟ್‌ನ ವಿಂಡೋಸಿನಲ್ಲಿ 4 ಬೈಟುಗಳಷ್ಟು ಜಾಗವನ್ನೂ, 64 ಬಿಟ್‌ನ ಲಿನಕ್ಸಿನಲ್ಲಿ 8 ಬೈಟುಗಳಷ್ಟು ಜಾಗವನ್ನೂ ಹಿಡಿಯುತ್ತದೆ. ಹೆಸರು ಒಂದೇ, ಸೇರು ಬೇರೆ. ಒಂದರಲ್ಲಿ ಬರೆದಿಟ್ಟ ಕಡತವನ್ನು ಇನ್ನೊಂದರ ಅಳತೆಯಲ್ಲಿ ಓದಿದರೆ ಮುಂದಿನ ಅಂಕಿಗಳೆಲ್ಲ ಸ್ಥಾನ ತಪ್ಪುತ್ತವೆ.

ಮೂರನೆಯ ತೊಡಕು ಇವೆರಡಕ್ಕಿಂತ ಗೂಢವಾದುದು. ಬಿಲ್ಡ್ ಯಾವ ದೋಷವನ್ನೂ ತೋರಿಸದೆ ಮುಗಿಯುತ್ತದೆ, ಪ್ರೋಗ್ರಾಂ ಓಡುತ್ತದೆ, ಆದರೆ ಹಳದಿಯ ಸೂರ್ಯಕಾಂತಿ ಕೆನ್ನೇರಳೆಯಾಗಿ ಮೂಡುತ್ತದೆ! ಇದಕ್ಕೆ ಕಾರಣವೇನು? ಚಿತ್ರದ ಪ್ರತಿಯೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಮತ್ತು ಅಪಾರದರ್ಶಕತೆ ಎಂಬ ನಾಲ್ಕು ಅಂಕಿಗಳಿರುತ್ತವೆ. ಹಳದಿಗೆ ಅವು 255, 255, 0, 255. ಈ ನಾಲ್ಕನ್ನೂ ಒಂದೇ ದೊಡ್ಡ ಸಂಖ್ಯೆಯಾಗಿ ಕಟ್ಟಿ ನೆನಪಿನ ಕೋಶದಲ್ಲಿಡುವಾಗ ಸಿಲಿಕಾನ್ ಗ್ರಾಫಿಕ್ಸ್ ಗಣಕಗಳು ಹಿರಿಯ ಬೈಟನ್ನು ಮೊದಲು ಇಡುತ್ತಿದ್ದವು. ಇಂಟೆಲ್ ಗಣಕಗಳು ಕಿರಿಯ ಬೈಟನ್ನು ಮೊದಲು ಇಡುತ್ತವೆ. ಆಗ ಸಾಲು ಹಿಂದುಮುಂದಾಗಿ 255, 0, 255, 255 ಎಂದಾಗುತ್ತದೆ. ಹಸಿರು ಹೋಗಿ ನೀಲಿ ಬಂದಿತು. ಹೂವಿನ ಬಣ್ಣ ಕೆಟ್ಟಿತು. '5-6' ಎಂದು ಬರೆದ ದಿನಾಂಕವನ್ನು ನಾವು ಜೂನ್ 5 ಎಂದೂ ಅಮೆರಿಕನ್ನರು ಮೇ 6 ಎಂದೂ ಓದುವುದಿಲ್ಲವೇ? ಇದೂ ಹಾಗೆಯೇ.

ಜೊನಾಥನ್ ಸ್ವಿಫ್ಟ್ 1726ರಲ್ಲಿ ಪ್ರಕಟಿಸಿದ ಗಲಿವರನ ಪ್ರವಾಸಕಥೆಯಲ್ಲಿ, ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಕುಳ್ಳರ ಎರಡು ಪಂಗಡಗಳು ಕಾದಾಡುತ್ತವೆ. ಡ್ಯಾನಿ ಕೊಹೆನ್ ಎಂಬ ವಿಜ್ಞಾನಿಯು 1980ರಲ್ಲಿ ಆ ಪಂಗಡಗಳ ಹೆಸರನ್ನೇ ಬೈಟುಗಳ ಈ ಎರಡು ಕ್ರಮಗಳಿಗೆ ಇಟ್ಟನು. ಎರಡರಲ್ಲಿ ಯಾವುದೂ ತಪ್ಪಲ್ಲ. ಎದುರಿನವರೂ ನಮ್ಮಂತೆಯೇ ಎಂದು ಭಾವಿಸುವುದೇ ತಪ್ಪು.

ಹಾಗಾದರೆ ಪರಿಹಾರವೇನು? ಹೂವಿನ ಬಣ್ಣ ಕೆಟ್ಟಿತೆಂದು ಆ ಒಂದು ಚಿತ್ರಕ್ಕೆ ಮಾತ್ರ ಅಂಕಿಗಳನ್ನು ತಿರುಗಿಸಿಡುವುದು ತೇಪೆ ಹಾಕಿದಂತೆ. ಹಳೆಯ ಯಂತ್ರಕ್ಕೆ ಮರಳಿದೊಡನೆ ಅದು ಮತ್ತೆ ಕೆಡುತ್ತದೆ. ಮೊದಲು ಒಂದೇ ಒಂದು ಹಳದಿ ಚೌಕವನ್ನು ಬರೆಯಿಸಿ ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲವನ್ನು ಗುರುತಿಸಬೇಕು. ಕಾರಣ ತಿಳಿದ ಮೇಲೆ, ಬೈಟುಗಳ ಕ್ರಮವನ್ನೂ ಸಂಖ್ಯೆಯ ಅಳತೆಯನ್ನೂ ಪ್ರೋಗ್ರಾಂನಲ್ಲಿಯೇ ಸ್ಪಷ್ಟವಾಗಿ ಬರೆದಿಡಬೇಕು. ಆಗ ಅದು ಯಾವ ಯಂತ್ರಕ್ಕೆ ಹೋದರೂ ಊಹೆಗೆ ಎಡೆಯಿರುವುದಿಲ್ಲ.

ತನ್ನ ಊರಿನಲ್ಲಿ ಹೇಳದೆಯೇ ನಡೆಯುತ್ತಿದ್ದುದನ್ನು ಪರಊರಿನಲ್ಲಿ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಹಾಗೆ ಹೇಳಲು ಹೊರಟಾಗಲೇ ನಾವು ಯಾವುದನ್ನು ಹೇಳದೆ ಬಿಟ್ಟಿದ್ದೆವೆಂಬುದು ನಮಗೆ ತಿಳಿಯುತ್ತದೆ. ಹೊಸ ಯಂತ್ರವು ಹಳೆಯ ಪ್ರೋಗ್ರಾಮನ್ನು ಕೆಡಿಸುವುದಿಲ್ಲ. ಅದರಲ್ಲಿ ಅಡಗಿದ್ದ ಊಹೆಗಳನ್ನು ಬೆಳಕಿಗೆ ತರುತ್ತದೆ.