ವ್ಯಾಟಿನ ಲೆಕ್ಕ, ಕಿವಿಯ ಲೆಕ್ಕ

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸ್ಟೀರಿಯೋ ಕೊಳ್ಳಹೋದವರು ಮೊದಲು ವಿಚಾರಿಸುವುದು ವ್ಯಾಟ್ ಎಷ್ಟೆಂದು. ಪೆಟ್ಟಿಗೆಯ ಮೇಲಿನ ಪಿ.ಎಂ.ಪಿ.ಓ. ಅಂಕಿಯು ಜಾಹೀರಾತೇ ಹೊರತು ಲೆಕ್ಕವಲ್ಲ, ನೋಡತಕ್ಕದ್ದು ಆರ್.ಎಂ.ಎಸ್. ಅಂಕಿಯನ್ನು. ಅದನ್ನೂ ಇಮ್ಮಡಿಗೊಳಿಸಿದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಒಂದು ವ್ಯಾಟಿಗೆ 90 ಡೆಸಿಬೆಲ್ ನುಡಿಯುವ ಸ್ಪೀಕರಿಗೆ 20 ವ್ಯಾಟ್ ಸಾಕಾದರೆ, 87 ನುಡಿಯುವುದಕ್ಕೆ 40 ಬೇಕು. ಆದುದರಿಂದ ಹಣದ ದೊಡ್ಡ ಪಾಲು ಸ್ಪೀಕರುಗಳಿಗೇ ಸಲ್ಲತಕ್ಕದ್ದು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರ ಕಿವಿಗೆ ಸೂಚಿಸಿರುವ ಮೇರೆ 80 ಡೆಸಿಬೆಲಿನಲ್ಲಿ ವಾರಕ್ಕೆ 40 ಗಂಟೆ. ಚಿಕ್ಕ ಕೋಣೆಯಲ್ಲಿ 20 ವ್ಯಾಟ್ ಧಾರಾಳವಾಯಿತು. ನೆರೆಮನೆಯವರೂ ಅದನ್ನೇ ಹೇಳಿಯಾರು. ಹಳೆಯ ಸ್ಪೀಕರ್ ಜೋಡಿಯೂ ಲಾಭಕರವೇ. ಆದರೆ ಕೋನಿನ ಅಂಚಿನ ಫೋಮ್ ಕಾಲಕ್ರಮದಲ್ಲಿ ತೇವಕ್ಕೆ ಪುಡಿಯಾಗುವುದುಂಟು. ಮುಂದಿನ ಜಾಲರಿಯನ್ನು ತೆಗೆಸಿ, ಅಂಚನ್ನು ಮೆಲ್ಲನೆ ಮುಟ್ಟಿ ನೋಡಿದ ಮೇಲೆಯೇ ಚೌಕಾಸಿಗೆ ಇಳಿಯಬೇಕು.